ಶ್ರಾವಣದ ಚಳಿಯಲ್ಲಿ ಬೆಟ್ಟ ಹತ್ತುವವರಿಗೆ



ಊರಿನಲ್ಲಿ ಶ್ರಾವಣವೆಂದರೆ ಜಡಿಮಳೆ, ಬಾಗಿಲಿಗೆ ತೋರಣ, ಶನಿವಾರದ ಒಪ್ಪೊತ್ತು. ವೆಲ್ಲಿಂಗ್ಟನ್ನಿನಲ್ಲಿ ಅದೇ ಶ್ರಾವಣ ಚಳಿಗಾಲದ ಕೊನೆಗೆ ಬರುತ್ತದೆ. ಪಂಚಾಂಗಕ್ಕೆ ದಕ್ಷಿಣ ಗೋಳಾರ್ಧದ ಚಿಂತೆಯಿಲ್ಲ, ನಮಗಂತೂ ಇರಲೇಬೇಕು.

ಕೆಲವು ವರ್ಷಗಳಿಂದ ನಾವು ನಾಲ್ಕಾರು ಮನೆಯವರು ಶ್ರಾವಣ ಶನಿವಾರ ಮೌಂಟ್ ಕೌಕೌ ಹತ್ತುತ್ತೇವೆ. ಎತ್ತರ 445 ಮೀಟರ್. ಮೇಲೆ ಗುಡಿಯಿಲ್ಲ, ಟಿವಿ ಟವರ್ ಇದೆ. ಆದರೂ ನಾಮಸ್ಮರಣೆ ಮಾಡುತ್ತಾ ಹತ್ತಿದರೆ ಮನಸ್ಸಿಗೆ ಅದೇ ಯಾತ್ರೆ. ಕೆಳಗಿನ ಖಂಡಾಲಾ ಬಡಾವಣೆಯಲ್ಲಿ ಗ್ಯಾಂಜಿಸ್ ರೋಡ್, ಸಿಮ್ಲಾ ಕ್ರೆಸೆಂಟ್, ಎವರೆಸ್ಟ್ ಸ್ಟ್ರೀಟ್ ಎಲ್ಲವೂ ಇರುವುದರಿಂದ ಗಂಗೆ ದಾಟಿ ಹಿಮಾಲಯಕ್ಕೆ ಹೋದ ಪುಣ್ಯವೂ ಬರುತ್ತದೆಂದು ತಮಾಷೆ ಮಾಡಿಕೊಳ್ಳುತ್ತೇವೆ.

ಒಂದು ವರ್ಷ ಊರಿನಿಂದ ಬಂದಿದ್ದ ನಮ್ಮ ಮಾವನವರೂ ಜೊತೆಗೆ ಹೊರಟರು. ಹಾಸನದವರು. ಶಿವರಾತ್ರಿಗೆ ಚಾರ್ಮಾಡಿ ಘಾಟಿ ಇಳಿದು, ಉಜಿರೆ ದಾಟಿ ಧರ್ಮಸ್ಥಳಕ್ಕೆ ಹನ್ನೊಂದು ಸಲ ನಡೆದವರು. ಅಲ್ಲಿ ಅದೂ ಚಳಿಗಾಲದ ಕೊನೆಯೇ. ಆದರೆ ಅಲ್ಲಿ ರಾತ್ರಿ ಇಬ್ಬನಿ ಬಿದ್ದರೂ ಹಗಲು ಸುಡುಬಿಸಿಲು, ದಾರಿಯುದ್ದಕ್ಕೂ ಮಜ್ಜಿಗೆ, ಪಾನಕ ಕೊಡುವ ಪುಣ್ಯಾತ್ಮರು. ಆ ಅನುಭವದ ಮೇಲೆ ಪಂಚೆ, ಹತ್ತಿಯ ಶರ್ಟು, ಒಂದು ಶಲ್ಯ, ಬರಿಗಾಲು. "ಅಳಿಯಂದ್ರೇ, ಇಷ್ಟು ಗುಡ್ಡಕ್ಕೆ ಬೂಟ್ಸ್ ಹಾಕ್ಕೊಂಡ್ರೆ ದೇವರು ನಕ್ಕಾನು" ಎಂದರು. ನಾವೂ ನಕ್ಕು ಸುಮ್ಮನಾದೆವು. ತಪ್ಪಿದ್ದು ಅಲ್ಲೇ. ಮಧ್ಯಾಹ್ನ ಸದರ್ಲಿ ಬರುತ್ತದೆಂದು ಮೆಟ್‌ಸರ್ವಿಸ್ ಹೇಳಿತ್ತು. ಪೂಜೆ ಮುಗಿಸಿ ಹೊರಟಾಗಲೇ ಹನ್ನೊಂದೂವರೆ.

ಮರಗಳ ನೆರಳು ಮುಗಿದು ಬಯಲು ಬರುವಷ್ಟರಲ್ಲಿ ಗಾಳಿ ತಿರುಗಿತು. ಹತ್ತೇ ನಿಮಿಷದಲ್ಲಿ ಮಂಜು, ಅಡ್ಡಮಳೆ. ಪಂಚೆ ಒದ್ದೆಯಾಗಿ ಕಾಲಿಗೆ ಸುತ್ತಿಕೊಂಡಿತು. ಮಾವನವರು ಮೊದಲು ಗಡಗಡ ನಡುಗಿದರು. ಸ್ವಲ್ಪ ಹೊತ್ತಿಗೆ ಎರಡು ಸಲ ಎಡವಿದರು. ನಾಮ ಹೇಳುತ್ತಿದ್ದ ನಾಲಗೆ ತೊದಲಿತು. ಇದು ದಣಿವಲ್ಲ, ಮೈಯ ಶಾಖವೇ ಇಳಿಯುತ್ತಿದೆ ಎಂದು ಹೊಳೆದದ್ದು ಜೊತೆಯಲ್ಲಿದ್ದ ನರ್ಸ್ ಒಬ್ಬರಿಗೆ. ತುದಿ ಇಪ್ಪತ್ತು ನಿಮಿಷವಿತ್ತು. "ಸಂಕಲ್ಪ ಮಾಡಿದ್ದೀನಿ, ಬಿಡಬಾರದು" ಎಂದು ಅವರ ಹಟ. ನಾವು ಕೇಳಲಿಲ್ಲ. ಮರಗಳ ಮರೆಗೆ ಇಳಿಸಿ, ಒದ್ದೆ ಬಟ್ಟೆ ತೆಗೆಸಿ, ಮಕ್ಕಳ ಒಣ ಜಾಕೆಟ್ಟುಗಳನ್ನೇ ಹೊದಿಸಿ, ಫ್ಲಾಸ್ಕಿನ ಸಿಹಿ ಚಹಾ ಗುಟುಕು ಗುಟುಕಾಗಿ ಕುಡಿಸಿದೆವು. ಕೈಕಾಲು ತಿಕ್ಕಲು ಹೋದವರನ್ನು ಆ ನರ್ಸ್ ತಡೆದರು, ಹಾಗೆ ತಿಕ್ಕಬಾರದಂತೆ. ನಡುಕ ನಿಂತು ಮಂಕು ಕವಿದಿದ್ದರೆ 111ಕ್ಕೆ ಕರೆ ಮಾಡಬೇಕಿತ್ತು. ಅಲ್ಲಿಯವರೆಗೆ ಹೋಗದಿದ್ದದ್ದು ದೇವರ ದಯೆ.

ಆ ರಾತ್ರಿ ಅವರ ಕೊರಗು ಒಂದೇ: ವ್ರತಭಂಗವಾಯಿತಲ್ಲ. ಇದಕ್ಕೆ ಉತ್ತರ ಹುಡುಕುತ್ತಾ ನಾವು ವನಪರ್ವ ತೆಗೆದೆವು.

ಪಾಂಡವರು ಗಂಧಮಾದನಕ್ಕೆ ಹೊರಟಾಗ ಧರ್ಮರಾಜ ಭೀಮನಿಗೆ ಹೇಳುವ ಮಾತು ಗಮನಿಸಬೇಕು. ದ್ರೌಪದಿ, ಸಹದೇವ, ಧೌಮ್ಯ, ಅಡಿಗೆಯವರನ್ನು ಕರೆದುಕೊಂಡು ನೀನು ಗಂಗಾದ್ವಾರದಲ್ಲೇ ನಿಲ್ಲು, ನಾನು, ನಕುಲ, ಲೋಮಶ ಮೂವರೇ ಹೋಗಿಬರುತ್ತೇವೆ ಎನ್ನುತ್ತಾನೆ. ದಾರಿಯ ಕಷ್ಟ ಬಲ್ಲವನು ಎಲ್ಲರನ್ನೂ ಎಳೆದುಕೊಂಡು ಹೋಗುವುದಿಲ್ಲ. ಕೊನೆಗೆ ಎಲ್ಲರೂ ಹೊರಡುತ್ತಾರೆ, ಆದರೆ ರಥ, ಪರಿವಾರಗಳನ್ನು ಕುಲಿಂದರ ರಾಜ ಸುಬಾಹುವಿನ ಬಳಿ ಬಿಡುತ್ತಾರೆ. ಬಿರುಗಾಳಿ, ಮಳೆ ಬಂದಾಗ ವೀರಾಧಿವೀರರೂ ಮುನ್ನುಗ್ಗಲಿಲ್ಲ, ಮರಗಳ ಮರೆಯಲ್ಲಿ ಅಡಗಿ ಕುಳಿತರು. ದ್ರೌಪದಿ ಬಳಲಿ ಕುಸಿದಾಗ ನಕುಲ ಓಡಿಬಂದು ಹಿಡಿದ. ಎಲ್ಲರೂ ನಿಂತರು. ಭೀಮ ಘಟೋತ್ಕಚನನ್ನು ನೆನೆದ. ಅವನು ಬಂದು ಹೊತ್ತುಕೊಂಡ. ನಮಗೆ ಘಟೋತ್ಕಚನಿಲ್ಲ, ಸಿಗ್ನಲ್ ಇಲ್ಲದ ಕಡೆಯೂ ಕೆಲಸ ಮಾಡುವ ಲೊಕೇಟರ್ ಬೀಕನ್ ಬಾಡಿಗೆಗೆ ಸಿಗುತ್ತದೆ. ತಾರಾರುವಾ ಕಡೆಗೆ ಹೋಗುವವರು ಅದಿಲ್ಲದೆ ಹೋಗಬೇಡಿ.

ಕಾಳಿದಾಸನ ಕುಮಾರಸಂಭವದಲ್ಲೂ ತಪಸ್ಸಿನಲ್ಲಿದ್ದ ಪಾರ್ವತಿಯನ್ನು ವಟುವೇಷದ ಶಿವ, ನಿನ್ನ ಶಕ್ತಿಗೆ ತಕ್ಕಷ್ಟೇ ತಪಸ್ಸು ಮಾಡುತ್ತಿದ್ದೀಯಾ ಎಂದು ವಿಚಾರಿಸುತ್ತಾನೆ. ಧರ್ಮಕ್ಕೆ ಶರೀರವೇ ಮೊದಲ ಸಾಧನ ಎನ್ನುವುದು ಅವನ ಕಾರಣ. ಸಾಕ್ಷಾತ್ ಪರ್ವತರಾಜನ ಮಗಳಿಗೇ ಈ ಪ್ರಶ್ನೆ ಬಂದಿತೆಂದರೆ, ಕಂಪ್ಯೂಟರ್ ಮುಂದೆ ಕುಳಿತೇ ಸೊಂಟ ಹಿಡಿಸಿಕೊಂಡ ನಮ್ಮನ್ನು ಎಷ್ಟು ಸಲ ಕೇಳಬೇಕೋ! ಮಾವನವರಿಗೆ ಇದನ್ನು ಓದಿ ಹೇಳಿದಾಗ ಬಹಳ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಇಳಿದಿದ್ದೂ ಯಾತ್ರೆಯೊಳಗೇ ಸೇರಿತು ಅನ್ನಿ" ಎಂದರು.

ಅಂದಿನಿಂದ ನಮ್ಮ ಸಂಕಲ್ಪದ ಮಾತೇ ಬದಲಾಗಿದೆ. ತುದಿ ಮುಟ್ಟುತ್ತೇವೆ ಎನ್ನುವುದಿಲ್ಲ, ಜೊತೆಯಾಗಿ ಹೋಗಿ ಜೊತೆಯಾಗಿ ಬರುತ್ತೇವೆ ಎನ್ನುತ್ತೇವೆ. ಹತ್ತಿ ಬಟ್ಟೆ ಪೂಜೆಗೆ, ಬೆಟ್ಟಕ್ಕೆ ಉಣ್ಣೆ ಅಥವಾ ಪಾಲಿಪ್ರೊ, ಮೇಲೆ ಗಾಳಿ ಮಳೆ ತಡೆಯುವ ಕೋಟು. ಬರಿಗಾಲಿನ ಹರಕೆ ಇದ್ದವರು ಕೆಳಗೆ ಪಾರ್ಕಿನಲ್ಲಿ ನಾಲ್ಕು ಹೆಜ್ಜೆ ನಡೆದು ತೀರಿಸಿಕೊಳ್ಳಲಿ. ಒಪ್ಪೊತ್ತು ಇರುವವರೂ ಬೆಲ್ಲ, ಖರ್ಜೂರ ಇಟ್ಟುಕೊಳ್ಳಿ. ಎಲ್ಲರಿಗಿಂತ ನಿಧಾನ ನಡೆಯುವವರು ಮುಂದೆ. ಆಗಸ್ಟಿನಲ್ಲಿ ಐದೂವರೆಯ ಹೊತ್ತಿಗೆಲ್ಲ ಸೂರ್ಯ ಮುಳುಗುವುದರಿಂದ, ಎಲ್ಲಿದ್ದರೂ ಎರಡು ಗಂಟೆಗೆ ತಿರುಗುವುದು. ಮನೆಯಲ್ಲಿರುವ ಒಬ್ಬರಿಗೆ ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸು ಎಂದು ಹೇಳಿಯೇ ಹೊರಡುವುದು.

ಈ ಶ್ರಾವಣದ ಮೊದಲ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಖಂಡಾಲಾ ಪಾರ್ಕಿನಲ್ಲಿ ಸೇರೋಣ. ಹಿಂದಿನ ರಾತ್ರಿ ಸದರ್ಲಿ ಎಂದು ಮುನ್ಸೂಚನೆ ಬಂದರೆ ಬೆಟ್ಟವಿಲ್ಲ. ನಮ್ಮ ಮನೆಯಲ್ಲೇ ಭಜನೆ, ಬಿಸಿಬೇಳೆಬಾತ್.