ಸಾಕಿದ ಬೆಕ್ಕು ಮತ್ತು ನಮ್ಮ ಉಸಿರು

4 ವರ್ಷಗಳಿಂದ ನಮ್ಮ ಮನೆಯಲ್ಲಿ ಬೆಳೆದ ಬೆಕ್ಕೇ ನನ್ನ ಸೀನು, ಕಣ್ಣುರಿ, ಇರುಳಿನ ಉಬ್ಬಸಗಳಿಗೆ ಕಾರಣವೆಂದು ವೈದ್ಯರು ತಿಳಿಸಿದರು. ದೋಷ ಕೂದಲಿನದಲ್ಲ. ಬೆಕ್ಕಿನ ಜೊಲ್ಲಿನಲ್ಲಿಯೂ ಚರ್ಮದಲ್ಲಿಯೂ ಇರುವ ಒಂದು ಪ್ರೋಟೀನು, ಅದು ಮೈ ನೆಕ್ಕಿಕೊಂಡಂತೆಲ್ಲ ರೋಮಕ್ಕೆ ಅಂಟಿ, ಒಣಗಿ, ಗಾಳಿಯಲ್ಲಿ ತೇಲುತ್ತದೆ. ಬೆಕ್ಕನ್ನು ಕಳುಹಿಸಿದರೂ ಆ ಧೂಳು ಮನೆಯಲ್ಲಿ ತಿಂಗಳುಗಟ್ಟಲೆ ಉಳಿಯುವುದು.

ಇಲಿ ಹಿಡಿಯುವ ಪ್ರಾಣಿಯನ್ನು ಶ್ರಾವಕನು ಸಾಕಬಾರದೆಂದು ಬಂಧುಗಳು ನೆನಪಿಸಿದರು. ಮಾತು ಸರಿಯೇ. ಆದರೆ ಮರಿಯನ್ನು ತಂದ ದಿನ ಯಾರಿಗೂ ತೋಚದ ಈ ನಿಯಮ ನನ್ನ ಮೂಗು ಸೋರತೊಡಗಿದ ಮೇಲೆ ನೆನಪಾದದ್ದೇಕೆ? ನನಗೆ ನಾಚಿಕೆಯಾಯಿತು. ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತದ 5 ಅತಿಚಾರಗಳಲ್ಲಿ ಅನ್ನಪಾನನಿರೋಧವನ್ನೂ ಎಣಿಸಿದೆ. ಕೈತುತ್ತಿಗೆ ಒಗ್ಗಿದ ಜೀವವನ್ನು ಸಂತೆಯ ಬಯಲಿನಲ್ಲಿ ಬಿಟ್ಟುಬರುವುದು ಅದಲ್ಲದೆ ಮತ್ತೇನು?

ಹಾಗೆಂದು ಉಸಿರು ಕಟ್ಟಿಸಿಕೊಂಡು ಬಾಳುವುದೂ ದಯೆಯಲ್ಲ, ನಮ್ಮೊಳಗಿರುವುದೂ ಜೀವವೇ. ಈಗ ಮಲಗುವ ಕೋಣೆಗೆ ಬೆಕ್ಕಿಗೆ ಪ್ರವೇಶವಿಲ್ಲ. ಹೊದಿಕೆಗಳನ್ನು ವಾರವಾರವೂ ಬಿಸಿನೀರಿನಲ್ಲಿ ಒಗೆಯುತ್ತೇವೆ. ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸುತ್ತೇವೆ. ಉಬ್ಬಸ ಹೆಚ್ಚಿದರೆ ಅದನ್ನು ಅಕ್ಕರೆಯಿಂದ ಒಪ್ಪಿಕೊಳ್ಳುವ ಮನೆಯೊಂದನ್ನು ಮೊದಲು ಹುಡುಕಿ, ಅನಂತರವೇ ಕಳುಹಿಸುವುದೆಂದು ನಿಶ್ಚಯಿಸಿದ್ದೇವೆ. ಮೊದಲ ವಾರ ಅದು ರಾತ್ರಿಯೆಲ್ಲ ಬಾಗಿಲನ್ನು ಕೆರೆಯಿತು. ಈಗ ಹೊಸ್ತಿಲಿನಾಚೆ ಹಾಸಿದ ಗೋಣಿಯ ಮೇಲೆ ಮಲಗುತ್ತದೆ.