ಇಂದಿನ ಧಮ್ಮ ಚಿಂತನೆ: ಕೊಟ್ಟದ್ದೋ, ಕಿತ್ತುಕೊಂಡದ್ದೋ?



2021ರಲ್ಲಿ ಲಂಡನ್ನಿನಲ್ಲಿ 36 ಆರೋಗ್ಯವಂತ ಯುವಜನರ ಮೂಗಿಗೆ, ಅವರ ಒಪ್ಪಿಗೆ ಪಡೆದು, ಸಂಶೋಧನೆಗಾಗಿ ಕೊರೊನಾ ವೈರಾಣು ಹನಿಸಿದರು. ‘ಬೇಕೆಂದೇ ರೋಗ ಅಂಟಿಸುವುದು ತಪ್ಪು’ ಎನ್ನುವವರಿದ್ದಾರೆ. ‘ಅವರೇ ಒಪ್ಪಿದ್ದಾರಲ್ಲ’ ಎನ್ನುವವರೂ ಇದ್ದಾರೆ.

1946-48ರಲ್ಲಿ ಗ್ವಾಟೆಮಾಲಾದಲ್ಲಿ ಅಮೆರಿಕದ ವೈದ್ಯರು ಕೈದಿಗಳಿಗೆ, ಸೈನಿಕರಿಗೆ, ಮಾನಸಿಕ ರೋಗಿಗಳಿಗೆ ಹೇಳದೆ ಕೇಳದೆ ಸಿಫಿಲಿಸ್ ಅಂಟಿಸಿದರು. ಅಮೆರಿಕ ಕ್ಷಮೆ ಕೇಳಿದ್ದು 2010ರಲ್ಲಿ.

ಇವೆರಡರ ಅಂತರವನ್ನು ನಮ್ಮ ಎರಡನೇ ಶೀಲ ತೋರಿಸುತ್ತದೆ: ಕೊಡದಿದ್ದನ್ನು ತೆಗೆದುಕೊಳ್ಳಬಾರದು. ಹಣ, ಹೊಲ ಮಾತ್ರವಲ್ಲ, ಇನ್ನೊಬ್ಬರ ದೇಹವೂ ಅದರಲ್ಲಿ ಸೇರಿದೆ.

ಆದರೆ ತಿಳಿಯದೆ ಒತ್ತಿದ ಹೆಬ್ಬೆಟ್ಟು, ಹಸಿವಿಗೆ ಹಾಕಿದ ಸಹಿ, ಕೊಟ್ಟಂತೆ ಆಗುತ್ತದೆಯೇ? ನಮ್ಮ ಹಿರಿಯರ ಬಿಟ್ಟಿ ಚಾಕರಿಯನ್ನೂ ‘ಅವರೇ ಒಪ್ಪಿ ಮಾಡುತ್ತಾರೆ’ ಎಂದೇ ಹೇಳುತ್ತಿದ್ದರು.

ಯಾವ ಕೆಲಸವನ್ನೂ ಮಾಡುವ ಮೊದಲು, ಮಾಡುವಾಗ, ಮಾಡಿದ ಮೇಲೆ, ಇದರಿಂದ ತನಗೂ ಪರರಿಗೂ ಕೇಡಿದೆಯೇ ಎಂದು ನೋಡಿಕೊಳ್ಳಲು ಭಗವಾನ್ ಬುದ್ಧರು ರಾಹುಲನಿಗೆ ಕಲಿಸಿದರು. ಸಂಶೋಧಕರಿಗೂ ಅದೇ ಅಳತೆ: ಮೊದಲು ಎಲ್ಲವನ್ನೂ ತಿಳಿಸಬೇಕು, ನಡುವೆ ಹಿಂದೆ ಸರಿಯಲು ಬಿಡಬೇಕು, ಮುಗಿದ ಮೇಲೆ ಕೈಬಿಡಬಾರದು.

ಇಂದಿನ ಅಭ್ಯಾಸ: ಆಸ್ಪತ್ರೆಯಲ್ಲಿ ಸಹಿ ಕೇಳಿದರೆ ಓದಿ, ಪ್ರಶ್ನಿಸಿ. ಓದಲು ಬಾರದವರಿಗೆ ಓದಿ ಹೇಳಿ.

ಸರ್ವರಿಗೂ ಮಂಗಳವಾಗಲಿ. ಸಾಧು, ಸಾಧು, ಸಾಧು 🙏