ಶೋಕದ ನುಡಿ: ಪದ್ಯವೋ, ಗದ್ಯವೋ?

ಭಾವವನ್ನು ಪ್ರಕಟಿಸಲು ಪದ್ಯವೇ ಸಮರ್ಥವಾದುದು, ಗದ್ಯವು ವ್ಯವಹಾರಕ್ಕೆ ಸಾಕು ಎಂಬ ಅಭಿಪ್ರಾಯವು ವಿದ್ಯಾವಂತರಲ್ಲಿಯೂ ಬೇರೂರಿದೆ. ಶೋಕವೊಂದನ್ನೇ ತೆಗೆದುಕೊಂಡು ಇದನ್ನು ಪರೀಕ್ಷಿಸಬಹುದು.

ರಘುವಂಶದ 8ನೆಯ ಸರ್ಗದಲ್ಲಿ ಇಂದುಮತಿಯನ್ನು ಕಳೆದುಕೊಂಡ ಅಜನು ವಿಲಪಿಸುತ್ತಾನೆ. ಕಾಳಿದಾಸನು ಅಲ್ಲಿ ಆರಿಸಿದುದು ವಿಯೋಗಿನೀ ವೃತ್ತವನ್ನು. ಕುಮಾರಸಂಭವದಲ್ಲಿ ರತಿಯು ಅಳುವುದೂ ಅದರಲ್ಲಿಯೇ. 10 ಅಕ್ಷರದ ಪಾದವು ಮುಗಿದೊಡನೆ 11 ಅಕ್ಷರದ ಪಾದ, ನಡಿಗೆಯೇ ಬಿಕ್ಕಿದಂತಿದೆ. ಆದರೂ ಅಜನು ಎಷ್ಟು ಅತ್ತರೂ ಒಂದು ಗಣವೂ ತಪ್ಪುವುದಿಲ್ಲ. ಅಳುವವನ ಕೊರಳು ಹಾಗಿರುವುದುಂಟೆ?

ಬಾಣನ ಕಾದಂಬರಿಯಲ್ಲಿ ಮಹಾಶ್ವೇತೆಯು ತನ್ನ ಕಥೆಯನ್ನು ಚಂದ್ರಾಪೀಡನಿಗೆ ಹೇಳುತ್ತಾಳೆ. ಎಂದೋ ನಡೆದುದು, ಕೇಳುವವನು ಅಪರಿಚಿತ. ಪುಂಡರೀಕನ ಮರಣದ ಘಟ್ಟಕ್ಕೆ ಬಂದಾಗ ಮಾತು ನಿಂತು ಅವಳು ಮೂರ್ಛೆಹೋಗುತ್ತಾಳೆ. ಪದ್ಯವಾಗಿದ್ದರೆ ಪಾದವನ್ನಾದರೂ ಮುಗಿಸಿ ಬೀಳಬೇಕಾಗಿತ್ತು! ಬಾಣನ ಸಮಾಸಗಳ ಅಡವಿಯಲ್ಲಿ ವಿದ್ಯಾರ್ಥಿಗಳು ದಾರಿತಪ್ಪುವುದು ನಿಜವೇ. ಆದರೆ ದುಃಖವು ಮುರಿದಲ್ಲಿ ತಾನೂ ಮುರಿಯುವ ಸ್ವಾತಂತ್ರ್ಯವು ಗದ್ಯಕ್ಕೇ ಉಂಟು. ಗದ್ಯವನ್ನು ಕವಿಗಳ ಒರೆಗಲ್ಲೆಂದು ಹಿರಿಯರು ಸುಮ್ಮನೆ ಎಣಿಸಲಿಲ್ಲ.

ಹಾಗಾದರೆ ಪದ್ಯವು ಬರಿಯ ಕೃತಕವೆ? ಅಲ್ಲ. ಮನೆಯಲ್ಲಿ ಸಾವು ಸಂಭವಿಸಿ ತಿಂಗಳುಗಳು ಕಳೆದ ಮೇಲೆ, ನಿದ್ರೆ ಬಾರದ ರಾತ್ರಿಯಲ್ಲಿ, ಓದಿದ ವೃದ್ಧನೊಬ್ಬನ ಬಾಯಿಗೆ ತಾನಾಗಿ ಬರುವುದು ಅಜನ ಶ್ಲೋಕವೇ ಹೊರತು ಮಹಾಶ್ವೇತೆಯ ವಾಕ್ಯವಲ್ಲ. ಗದ್ಯವು ಕಂಠದಲ್ಲಿ ನಿಲ್ಲದು. ಒಬ್ಬನ ದುಃಖವನ್ನು ಮತ್ತೊಬ್ಬನು ಎತ್ತಿಕೊಳ್ಳಲು ಛಂದಸ್ಸೆಂಬ ಹಿಡಿಕೆ ಬೇಕು. ನಾಗವರ್ಮನು ಬಾಣನ ಗದ್ಯಕಾವ್ಯವನ್ನು ಕನ್ನಡಕ್ಕೆ ತಂದಾಗ ಚಂಪುವನ್ನು ಹಿಡಿದುದು ಕಾಲದ ರೂಢಿಯಿಂದ ಮಾತ್ರವೆ, ಅಥವಾ ಓದುಗನ ಕೈಗೆ ನಡುನಡುವೆ ಅಂತಹ ಹಿಡಿಕೆಯನ್ನು ಕೊಡುವುದಕ್ಕೋ?